ಸಾಹೇಬರ ಎತ್ತರದ ಬಾಗಿಲು

೫ ಏಪ್ರಿಲ್ ೧೯೫೬, ಗುರುವಾರ. ಗುಂಡ್ಲುಪೇಟೆ

ಇವತ್ತು ಎರಡು ಸಂಗತಿ ನಡೆದವು. ಹರದನಹಳ್ಳಿಯಿಂದ ಮಾವನ ಮನೆಯ ಆಳು ಬಂದು, ಹೆರಿಗೆಗೆ ತವರಿಗೆ ಹೋಗಿರುವ ನನ್ನ ಹೆಂಡತಿ ಸಣ್ಣತಾಯಿಗೆ ಹೆಣ್ಣುಮಗು ಆಗಿದೆ, ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿ, ಬೆಲ್ಲ ಕೊಟ್ಟು ಹೋದ. ಸಂತೋಷ. ಎರಡನೆಯದಾಗಿ, ರೇಂಜರ್ ಸಾಹೇಬರು ನಮ್ಮ ತಲೆಬಾಗಿಲಿಗೆ ಹಣೆ ಚಚ್ಚಿಕೊಂಡರು.

ಎರಡನೆಯದನ್ನು ವಿವರವಾಗಿ ಬರೆಯಬೇಕು. ಸಾಹೇಬರು ಬಂಡೀಪುರದಿಂದ ನಮ್ಮ ಮರದ ಡಿಪೋ ತನಿಖೆಗೆ ಬಂದಿದ್ದರು. ಮಗುವಿನ ಸುದ್ದಿ ಕೇಳಿ, "ಏನಯ್ಯ ರಾಚಯ್ಯ, ಕಾಫಿ ಇಲ್ವೇ?" ಎಂದರು. ಡಿಪೋ ಗುಮಾಸ್ತನ ಮನೆಗೆ ರೇಂಜರ್ ತಾವಾಗಿ ಬರುವುದೆಂದರೆ! ನಾನು ಮುಂದೆ ಓಡಿ ಚಾಪೆ ಹಾಸುತ್ತಿದ್ದೆ. ಹಿಂದೆ ಢಣ್ ಎಂದಿತು. ಸಾಹೇಬರು ಆರಡಿ ಮೀರಿದ ಆಳು. ನಮ್ಮ ತಾತ ಹಾಕಿಸಿದ ಬಾಗಿಲು ಐದೂವರೆ ಅಡಿ. ಟೋಪಿ ಹೋಗಿ ಅವ್ವ ಕಲಸಿಟ್ಟಿದ್ದ ಸಗಣಿನೀರಿನಲ್ಲಿ ಬಿತ್ತು. ಹಣೆ ಬದನೇಕಾಯಿ ಆಯಿತು. ಕಾಫಿ ಕುಡಿಯದೆ ಹೊರಟವರು, "ನಾಮಕರಣಕ್ಕೆ ಬರ್ತೀನಿ, ಅಷ್ಟರಲ್ಲಿ ಬಾಗಿಲು ಎತ್ತರ ಮಾಡ್ಸಪ್ಪ" ಎಂದು ನಕ್ಕರು.

ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಗೊತ್ತಿಲ್ಲ. ಮೇಲಧಿಕಾರಿಯ ತಮಾಷೆಯನ್ನು ಆಜ್ಞೆ ಎಂದುಕೊಳ್ಳುವುದೇ ಕ್ಷೇಮ.

ಅವ್ವನಿಗೆ ಹೇಳಿದೆ. "ಆವಪ್ಪ ತಲೆ ತಗ್ಸಿದ್ರೆ ಕಿರೀಟ ಬಿದ್ದೋಗದಾ? ಸುಮ್ನಿರ್ಲಾ. ಎಲ್ಲಾ ತಗ್ಸೇ ಬಂದವ್ರೆ ಈ ಮನೆಗೆ" ಅಂದಳು.

ನಾನು ಯಾವತ್ತೂ ತಗ್ಗಿಸಿಲ್ಲ. ನನ್ನ ತಲೆಗೂ ಮೇಲ್ಪಟ್ಟಿಗೂ ನಡುವೆ ನಾಲ್ಕು ಬೆರಳು ಜಾಗ ಇದೆ. ಆದರೆ ಮನೆ ಎನ್ನುವುದು ಬರುವವರ ಎತ್ತರಕ್ಕಿರಬೇಕು, ಇರುವವರ ಎತ್ತರಕ್ಕಲ್ಲ. ಮನೆ ರಿಪೇರಿಗೆ ಕೈ ಹಾಕುವವರು ಇದನ್ನು ಮೊದಲು ತಿಳಿಯಬೇಕು. ಡಿಪೋಗೆ ಮರ ಕೊಳ್ಳಲು ಬರುವವರೆಲ್ಲ ತೊಲೆಗೆ ಯಾವುದು, ಕದಕ್ಕೆ ಯಾವುದು ಎಂದು ನನ್ನನ್ನೇ ಕೇಳುತ್ತಾರೆ. ನನ್ನ ಮನೆಯೇ ಹೀಗಿದ್ದರೆ ಯಾವ ಮುಖ ಇಟ್ಟುಕೊಂಡು ಸಲಹೆ ಕೊಡಲಿ?

೯ ಏಪ್ರಿಲ್, ಸೋಮವಾರ

ಬಾಗಿಲು ಎಷ್ಟು ಎತ್ತರ ಬೇಕು ಎಂಬುದಕ್ಕೆ ಸಾಹೇಬರು ಎಷ್ಟು ಎತ್ತರ ಎಂದು ತಿಳಿಯಬೇಕು. ಕೇಳುವಂತಿಲ್ಲ. ಇವತ್ತು ಅವರು ಡಿಪೋದಲ್ಲಿ ನಿಲ್ಲಿಸಿಟ್ಟಿದ್ದ ಒಂದು ತೇಗದ ದಿಮ್ಮಿಗೆ ಒರಗಿ ಸಿಗರೇಟು ಸೇದುತ್ತಿದ್ದರು. ನಾನು ಹಿಂದಿನಿಂದ ಹೋಗಿ ದಿಮ್ಮಿಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದೆ. ಟೋಪಿ ಇತ್ತು. ಟೋಪಿ ಸೇರಿಸಿಯೇ ಎಳೆದೆ. ಟೋಪಿ ಬಿದ್ದರೆ ಮರ್ಯಾದೆ ಬಿದ್ದ ಹಾಗೆ, ಆವತ್ತು ಕಣ್ಣಾರೆ ಕಂಡಿದ್ದೇನೆ.

"ಏನಯ್ಯ ಅದು?" ಎಂದರು.

"ಗೆದ್ದಲು ನೋಡ್ತಾ ಇದ್ದೆ ಸಾರ್" ಎಂದೆ.

೧೬ ಏಪ್ರಿಲ್, ಸೋಮವಾರ

ಅನಾಹುತ. ಯುಗಾದಿ ಹಬ್ಬದ ಸಡಗರದಲ್ಲಿ ಟೇಪು ಹಿಡಿದು ಗೀಟನ್ನು ಅಳೆಯುವುದು ಮರೆತೆ. ಇವತ್ತು ಹರಾಜಿನಲ್ಲಿ ಆ ದಿಮ್ಮಿಯನ್ನು ಕಲ್ಲಿಕೋಟೆಯ ಮಾಪಿಳ್ಳೆ ಸಾಹುಕಾರರು ಹಿಡಿದುಬಿಟ್ಟರು. ಲಾರಿ ಹೊರಡುವಾಗ ನೆನಪಾಗಿ ಊರಾಚೆ ಸೇತುವೆಯವರೆಗೂ ಓಡಿದೆ. ಡ್ರೈವರ್ ನಾನು ಲಂಚ ಕೇಳಲು ಬಂದೆನೆಂದುಕೊಂಡು ಇನ್ನೂ ಜೋರಾಗಿ ಹೊಡೆದ.

ಸಾಹೇಬರ ಎತ್ತರ ಕಲ್ಲಿಕೋಟೆಗೆ ಹೋಯಿತು.

ಅಂದಾಜಿನ ಮೇಲೆ ಏಳಡಿ ಎಂದುಕೊಂಡೆ. ಆಮೇಲೆ, ಇವರಿಗಿಂತ ದೊಡ್ಡ ಅಧಿಕಾರಿ ಇವರಿಗಿಂತ ಎತ್ತರ ಇದ್ದರೆ ಎಂಬ ಭಯ ಬಂತು. ಎಂಟಡಿ ಎಂದು ಆಚಾರಿಗೆ ಹೇಳಿಬಿಟ್ಟೆ.

೨೨ ಏಪ್ರಿಲ್, ಭಾನುವಾರ

ಗಾರೆ ಕೆಲಸದ ಪುಟ್ಟಮಾದು ಬೆಳಿಗ್ಗೆಯೇ ಬಂದು ಹಳೆಯ ಬಾಗಿಲನ್ನು ಚೌಕಟ್ಟು, ಹೊಸ್ತಿಲು, ಕದದ ಸಮೇತ ಗೋಡೆಯಿಂದ ಬಿಡಿಸಿದ. ನಾಲ್ಕು ಜನ ಹಿಡಿದು ಅಂಗಳದಲ್ಲಿ ಮಲಗಿಸಲು ಹೋದರು. ಅವ್ವ ಒನಕೆ ಹಿಡಿದು ಬಂದಳು.

"ಮನಗುಸ್ಬೇಡ್ರಲಾ! ಒಸ್ಲು ಮನಗ್ಸದು ಎಣ ಮನಗ್ಸದು ಎರಡೂ ಒಂದೇ ಕಣ್ರಲಾ!"

"ಮತ್ತೇನ್ ಹೊತ್ಕೊಂಡೇ ನಿಂತ್ಕಳದಾ ಅವ್ವಾ?" ಎಂದ ಪುಟ್ಟಮಾದು. ಅವನ ಕುತ್ತಿಗೆಯ ನರ ಉಬ್ಬಿತ್ತು.

"ನಿಲ್ಸು. ಎಲ್ಲಾರ ನಿಲ್ಸು."

ಹಾಗಾಗಿ ಬಾಗಿಲನ್ನು ಅಂಗಳದಲ್ಲೇ, ಮನೆಯಿಂದ ಹತ್ತು ಹೆಜ್ಜೆ ಮುಂದೆ, ನೆಲ ಅಗೆದು ನಿಲ್ಲಿಸಿ, ಬೀಳದಂತೆ ಎರಡೂ ಕಡೆ ಬಿದಿರು ಗಳುವಿನ ಊರೆ ಕೊಟ್ಟರು. ಅಕ್ಕಪಕ್ಕ ಗೋಡೆ ಇಲ್ಲ, ಮೇಲೆ ಸೂರಿಲ್ಲ. ಬಾಗಿಲು ಮಾತ್ರ. ಅವ್ವ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಇಟ್ಟು, ಕದ ತೆಗೆದು ಅದರೊಳಗಿಂದಲೇ ಮನೆಗೆ ನಡೆದಳು.

ಬಲಗಡೆಯ ಕಂಬದ ಮೇಲೆ ನನ್ನ ಕಿವಿಮಟ್ಟಕ್ಕೆ ಒಂದು ಕಪ್ಪನೆಯ ಜಿಡ್ಡಿನ ಕಲೆ ಇದೆ, ಅಂಗೈಯಗಲ. ಬಿಸಿಲಿಗೆ ಬಂದ ಮೇಲೆ ಅಸಹ್ಯವಾಗಿ ಕಾಣುತ್ತದೆ. ಹೊಸದು ಬಂದ ಮೇಲೆ ಇದನ್ನು ಮಾರುವುದೇ. ಅದಕ್ಕೆ ಮುಂಚೆ ಕೀಸುಳಿ ಹಾಕಿ ಕೆರೆದು ತೆಗೆಯಲು ಪುಟ್ಟಮಾದುವಿಗೆ ಹೇಳಬೇಕು.

೨೬ ಏಪ್ರಿಲ್, ಗುರುವಾರ

ಮನೆಯ ಮುಂದೆ ಎತ್ತಿನ ಗಾಡಿ ನುಗ್ಗುವಷ್ಟು ದೊಡ್ಡ ತೂತು. ಆದರೂ ಊರವರೆಲ್ಲ ಅಂಗಳದ ಬಾಗಿಲಿನ ಮೂಲಕವೇ ಬರುತ್ತಾರೆ. ಅವ್ವ ಬಿಡುವುದಿಲ್ಲ. ಇವತ್ತು ಅಂಚೆಯವನು ಸುತ್ತಿ ಬಂದ. ಅವ್ವ ಅವನನ್ನು ವಾಪಸ್ಸು ಕಳಿಸಿ ಬಾಗಿಲು ಬಡಿಸಿ, ಒಳಗಿನಿಂದ "ಯಾರಪ್ಪಾ?" ಎಂದು ಕೇಳಿ, ಚಿಲಕ ತೆಗೆದು, ಕಾಗದ ಇಸಕೊಂಡಳು. ಇಷ್ಟು ಹೊತ್ತೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು.

ಪಕ್ಕದ ಮನೆ ಶಿವಮ್ಮನ ನಾಯಿ ಮಾತ್ರ ಸುತ್ತಿ ಹೋಗುತ್ತದೆ. "ಅದ್ಕೇನ್ ಬುದ್ಧಿ ಇದ್ದದಾ?" ಎನ್ನುತ್ತಾಳೆ ಅವ್ವ. ನಾನೂ ಸುತ್ತಿಯೇ ಹೋಗುತ್ತೇನೆ. ಆಗ ಅವಳು ನಾಯಿಯನ್ನೂ ನನ್ನನ್ನೂ ಒಟ್ಟಿಗೆ ನೋಡುತ್ತಾಳೆ.

೩ ಮೇ, ಗುರುವಾರ

ಮಳೆ. ತೂತಿನ ಮೇಲಿದ್ದ ಮಣ್ಣುಗೋಡೆ ನೆನೆದು ದಡಾರನೆ ಬಿತ್ತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಸೂರಿಗೆ ಬೊಂಬಿನ ಊರೆ ಕೊಟ್ಟಿದ್ದೇವೆ. ಈಗ ಮನೆಗೆ ಮುಂಗೋಡೆಯೇ ಇಲ್ಲ. ಬೀದಿಯಲ್ಲಿ ಹೋಗುವವರು ನಾವು ಉಣ್ಣುವುದನ್ನು ನೋಡಿ "ಏನ್ ಸಾರು ಗುಮಾಸ್ತ್ರೇ?" ಎಂದು ಕೇಳುತ್ತಾರೆ.

ಹೊಸ ಚೌಕಟ್ಟು ಬಂತು. ಎಂಟಡಿ. ನಮ್ಮ ಸೂರಿನ ಅಂಚೇ ಏಳಡಿ ಇರುವುದು. ಇದು ನನಗೆ ಮೊದಲೇ ಹೊಳೆಯಬೇಕಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಹೇಳಲಿ.

"ಸೂರು ಎತ್ತುಸ್ಬೇಕಾಯ್ತದೆ" ಎಂದ ಪುಟ್ಟಮಾದು. "ಸೂರು ಎತ್ತುದ್ರೆ ಹಿಂದ್ಲ ಗೋಡೆನೂ ಎತ್ತುಸ್ಬೇಕು. ಅದ ಎತ್ತುದ್ರೆ ಶಿವಮ್ಮಾರ ಮನೆಗೆ ಬಿಸ್ಲು ಬೀಳಕಿಲ್ಲ. ಅವ್ರ ಮನೇನೂ ಎತ್ತುಸ್ಬೇಕಾಯ್ತದೆ."

ಹೀಗೇ ಬಿಟ್ಟರೆ ಅವನು ಗುಂಡ್ಲುಪೇಟೆಯನ್ನೇ ಎತ್ತಿಸುತ್ತಾನೆ. ಅಲ್ಲದೆ ಆಚಾರಿ ಹಸಿಮರ ಹಾಕಿದ್ದಾನೆ, ಚೌಕಟ್ಟು ಬಿಸಿಲಿಗೆ ಆಗಲೇ ಸೊಟ್ಟಗಾಗುತ್ತಿದೆ. ಮರ ಆರಿಸಿಕೊಟ್ಟವನು ನಾನೇ ಎಂದು ಅವನ ವಾದ.

೧೩ ಮೇ, ಭಾನುವಾರ. ಹರದನಹಳ್ಳಿ

ಚಾಮರಾಜನಗರದವರೆಗೆ ಬಸ್ಸು, ಅಲ್ಲಿಂದ ಗಾಡಿ. ಮಗುವನ್ನು ನೋಡಿದೆ. ಕೆಂಪಗೆ, ಪುಟ್ಟದಾಗಿ, ಯಾರ ಮೇಲೋ ಸಿಟ್ಟಾದ ಹಾಗೆ ಇದೆ. ಬೆರಳು ಕೊಟ್ಟೆ, ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸಾಗದೆ ಬಲಗೈಯಲ್ಲಿ ಉಣ್ಣಲಾಗಲಿಲ್ಲ. ಅತ್ತೆ ಮುದ್ದೆ ಮುರಿದು ಕೊಟ್ಟರು.

ಆಷಾಢ ಹುಟ್ಟುವ ಮೊದಲು ತಾಯಿ ಮಗು ಇಬ್ಬರನ್ನೂ ನಾನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಇವತ್ತು ಮಾವ ನಾಗಯ್ಯನವರು ಎಲೆಅಡಿಕೆ ಉಗುಳಿ ಬಂದು ಕೂತು ಹೇಳಿದರು: "ಅಳೀಂದ್ರೆ, ತಪ್ಪು ತಿಳ್ಕಬ್ಯಾಡಿ. ಗೋಡೆ ಇಲ್ದಿದ್ ಮನೆಗೆ ಎಳೆ ಬಾಣ್ತೀನ ಹೆಂಗೆ ಕಳ್ಸದು? ಗೋಡೆ ಆಗ್ಲಿ. ಇಲ್ದಿದ್ರೆ ಆಸಾಡ ಕಳೀಲಿ. ಅದಾದ್ಮೇಲೆ ನೋಡನ."

ಅದಾದ್ಮೇಲೆ ನೋಡನ ಎಂದರೆ ಏನು? ಅವರ ತಂಗಿಯನ್ನು ಹೀಗೇ ನೋಡನ ನೋಡನ ಎಂದು ಮೂರು ವರ್ಷ ಗಂಡನ ಮನೆಗೆ ಕಳಿಸದೆ ಇಲ್ಲೇ ಇಟ್ಟುಕೊಂಡಿದ್ದರು.

ಸಣ್ಣತಾಯಿ ಒಳಗೆ ಮಗು ತೂಗುತ್ತಿದ್ದಳು. ಕೇಳಿದ್ದು ಒಂದೇ. "ಹಳೇ ಬಾಗ್ಲು ಎಲ್ಲದೆ?"

"ಅಂಗಳದಲ್ಲಿ ನಿಂತಿದೆ. ನಾಳೆ ಪುಟ್ಟಮಾದು ಕೀಸುಳಿ ಹಾಕ್ತಾನೆ. ಬಲಗಡೆ ಕಂಬದಲ್ಲಿ ಎಂಥದೋ ಜಿಡ್ಡು ಕಲೆ ಇದೆ."

ಅವಳು ತೂಗುವುದನ್ನು ನಿಲ್ಲಿಸಿದಳು. "ಎಂಥದೋ ಅಲ್ಲ. ನನ್ ತಲೆ ಎಣ್ಣೆ ಅದು."

"ಅಲ್ಲಿಗೆ ಹೇಗೆ ಬಂತು?"

"ನೀವು ಡಿಪೋಯಿಂದ ಬರೋಗಂಟ ಅಲ್ಲೇ ಒರಗ್ಕೊಂಡು ನಿಂತ್ಕತಿದ್ದೆ. ನಾಕು ವರ್ಸದಿಂದ. ನೀವು ಬಂದು, ದಾರಿಗೆ ಅಡ್ಡ ಯಾಕ್ ನಿಂತಿದ್ದೀ ಅಂತಿದ್ರಿ." ಆಮೇಲೆ ಮಗುವಿನ ಕಡೆ ತಿರುಗಿ, "ಅದ್ನೂ ಕೆತ್ತಿಸ್ಬುಡಿ. ಬರದಾದ್ರೆ ಯಾವ್ ಗುರ್ತಿನ್ ಮೇಲೆ ಬರ್ಲಿ?" ಅಂದಳು.

ಹೆಂಗಸರ ಮಾತು. ಮನೆಗೆ ಗುರುತು ಬೇಕೇ? ಗೋಡೆ ಇಲ್ಲದ ಮನೆ ಆ ಬೀದಿಯಲ್ಲಿ ನಮ್ಮದೊಂದೇ.

೧೪ ಮೇ, ಸೋಮವಾರ

ಮೊದಲ ಬಸ್ಸು ಹಿಡಿದೆ. ದಾರಿಯಲ್ಲಿ ಟೈರು ಪಂಕ್ಚರ್. ಎಲ್ಲರೂ ಹುಣಸೆಮರದ ನೆರಳಲ್ಲಿ ಕೂತರು, ನಾನು ನಡೆದೇ ಹೊರಟೆ. ಆಮೇಲೆ ಅದೇ ಬಸ್ಸು ಬಂದು ನನ್ನನ್ನು ಹತ್ತಿಸಿಕೊಂಡು, ಕಂಡಕ್ಟರ್ ಎಲ್ಲರ ಮುಂದೆ ನಕ್ಕ.

ಮನೆ ಮುಟ್ಟುವಾಗ ಪುಟ್ಟಮಾದು ಎಡಗಂಬವನ್ನು ಪೂರ್ತಿ ಕೀಸಿ ಬಲಗಂಬಕ್ಕೆ ಕೀಸುಳಿ ಇಟ್ಟಿದ್ದ. ಅಂಗಳದಾಚೆಯಿಂದಲೇ ಕೂಗಿದೆ. ಗಾಬರಿಯಲ್ಲಿ ಕೀಸುಳಿ ಅವನ ಕಾಲ ಮೇಲೆ ಬಿತ್ತು.

"ಏನಾಯ್ತು ಗುಮಾಸ್ತ್ರೇ? ಯಾರ್ ಓದ್ರು?"

"ಯಾರೂ ಹೋಗಿಲ್ಲ. ಅದನ್ನು ಮುಟ್ಟಬೇಡ."

ಎಣ್ಣೆ ಕುಡಿದ ಮರಕ್ಕೆ ಹುಳ ಹತ್ತುವುದಿಲ್ಲ ಎಂದು ಅವನಿಗೆ ತಿಳಿಸಿ ಹೇಳಿದೆ. ಮನೆಯೊಡೆಯರು ಗಮನಿಸಬೇಕಾದ ಸಂಗತಿ. ಈ ಕಾರಣಕ್ಕೇ ಅದನ್ನು ಉಳಿಸಿದ್ದು. ಬಾಗಿಲನ್ನು ಮಾರುವ ಯೋಚನೆಯನ್ನೂ ಸದ್ಯಕ್ಕೆ ಬಿಟ್ಟಿದ್ದೇನೆ, ಈಗ ಒಳ್ಳೆ ಬೆಲೆ ಇಲ್ಲ.

೨೧ ಮೇ, ಸೋಮವಾರ

ಎಂಟಡಿ ಚೌಕಟ್ಟಿನ ಆಸೆ ಬಿಟ್ಟೆ. ಅದು ಈಗ ನಿಲ್ಲಿಸಿದರೆ ಕುಡಿದವನ ಹಾಗೆ ವಾಲುತ್ತದೆ. ಅವ್ವ ಅದರ ಮೇಲೆ ಸೀರೆ ಹರವಿ ಸಂಡಿಗೆ ಒಣಗಿಸುತ್ತಾಳೆ. ಹಳೆಯ ಬಾಗಿಲನ್ನೇ ಅದರ ಹಳೆಯ ಜಾಗಕ್ಕೆ ಕೂರಿಸಿ ಗೋಡೆ ಕಟ್ಟಿದರೆ ಆಷಾಢದೊಳಗೆ ಮುಗಿಯುತ್ತದೆ. ಸಣ್ಣತಾಯಿ ಬರಬಹುದು.

ಅವ್ವ ಒಪ್ಪಲಿಲ್ಲ. "ಕಿತ್ತಾಗ ನನ್ ಕೇಳ್ದಾ? ಈಗ ಅದು ನಿಂತ್ಬುಟ್ಟದೆ. ಮತ್ತೆ ಕೀಳದಾದ್ರೆ ಮಾದಪ್ಪನ್ನ ಕೇಳು" ಎಂದಳು.

ಸೋಮವಾರ ದೇವರು ಮಾದಪ್ಪನ ವಾರವೇ ಆದ್ದರಿಂದ ಇವತ್ತೇ ಹೂ ಕೇಳಿದೆವು. ಮೇಲ್ಪಟ್ಟಿಗೆ ಅರಿಸಿನ ಹಚ್ಚಿ, ಒಂದು ಸೇವಂತಿಗೆ ಅಂಟಿಸಿ, ಕೈಮುಗಿದು ಕೂತೆವು. ಬಲಕ್ಕೆ ಬಿದ್ದರೆ ಕೀಳಬಹುದು. ಎಡಕ್ಕೆ ಬಿದ್ದರೆ ಕೂಡದು.

ಬೀಳಲಿಲ್ಲ. ಕತ್ತಲಾಗುವವರೆಗೂ ಕೂತೆವು.

೨೨ ಮೇ

ಬಿದ್ದಿಲ್ಲ.

೨೪ ಮೇ

ಬಿದ್ದಿಲ್ಲ. ಅವ್ವ ಅರಿಸಿನವನ್ನು ಬೆಲ್ಲದ ನೀರಿನಲ್ಲಿ ಕಲಸಿದಳೋ ಏನೋ ಎಂದು ಅನುಮಾನ. ಕೇಳುವ ಧೈರ್ಯ ಇಲ್ಲ. ಉತ್ತರ ಬರುವವರೆಗೆ ಬಾಗಿಲಿಗೆ ಯಾರೂ ಕೈ ಹಚ್ಚುವಂತಿಲ್ಲ. ಪುಟ್ಟಮಾದು ದಿನಾ ಬಂದು ನೋಡಿ, ಬೀಡಿ ಸೇದಿ ಹೋಗುತ್ತಾನೆ. ಬೀದಿಯವರು ಬಲಕ್ಕೋ ಎಡಕ್ಕೋ ಎಂದು ಪಂದ್ಯ ಕಟ್ಟಿದ್ದಾರೆ. ಶಿವಮ್ಮನ ಗಂಡ ಬಲದ ಮೇಲೆ ಒಂದು ಹುಂಜ ಕಟ್ಟಿದ್ದಾನಂತೆ. ಅವನು ಬಾಗಿಲ ಬಳಿ ಕೆಮ್ಮುವುದನ್ನು ಅವ್ವ ನಿಷೇಧಿಸಿದ್ದಾಳೆ.

ಸಂಜೆ ಡಿಪೋದಿಂದ ಬಂದಾಗ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಅವ್ವ ಹಿತ್ತಿಲಲ್ಲಿ ಇದ್ದಳು. ಸುತ್ತಿ ಹೋಗಬಹುದಿತ್ತು, ಎಂಟು ಹೆಜ್ಜೆ. ಆದರೆ ಹೂ ಇರುವ ಬಾಗಿಲು, ಒಂದು ರೀತಿ ಇರಬೇಕಲ್ಲ. ಅವ್ವ ಬಂದು ತೆಗೆಯುವವರೆಗೆ ಕಂಬಕ್ಕೆ ಒರಗಿ ನಿಂತಿದ್ದೆ. ಬಲಗಂಬ. ಅಲ್ಲಿಂದ ನೋಡಿದರೆ ಡಿಪೋ ದಾರಿ ತಿರುವಿನವರೆಗೂ ಚೆನ್ನಾಗಿ ಕಾಣುತ್ತದೆ. ಬರುವವರು ಬಹಳ ಹೊತ್ತು ಸಣ್ಣಗೆ ಕಾಣುತ್ತಾರೆ, ಅವರೋ ಅಲ್ಲವೋ ತಿಳಿಯುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ.

ನಾಯಿ ಸುತ್ತಿ ಹೋಯಿತು. ಅದಕ್ಕೆ ಗದರಿದೆ.

೬ ಜೂನ್, ಬುಧವಾರ

ರೇಂಜರ್ ಸಾಹೇಬರು ಹೇಳದೆ ಬಂದರು. ಗೋಡೆ ಇಲ್ಲದ ಮನೆ, ಅಂಗಳದಲ್ಲಿ ಬಾಗಿಲು, ಅದರ ಮೇಲೆ ಒಣಗಿದ ಹೂ, ಎಲ್ಲ ನೋಡಿದರು. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸೊಂಟ ಬಗ್ಗಿಸಿ, ಬಾಗಿಲಿನೊಳಗಿಂದ ಬಂದರು. ಹೂವಿಗೆ ತಾಗಲಿಲ್ಲ. ಅವ್ವ ಕಾಫಿ ಕೊಟ್ಟಳು, ಸಂಡಿಗೆ ಕರಿದಳು.

"ಚೆನ್ನಾಗಿದೆ ಕಣಯ್ಯ. ಇದೇನು ಹೊಸ ಪದ್ಧತಿಯೋ?" ಎಂದರು.

"ಇನ್ನೂ ಕೆಲಸ ನಡೀತಿದೆ ಸಾರ್" ಎಂದೆ.

"ನಾಮಕರಣಕ್ಕೆ ಬರಕ್ಕಾಗಲ್ಲ ಅಂತ ಹೇಳಿಹೋಗೋಣ ಅಂತ ಬಂದೆ. ನನಗೆ ವರ್ಗ ಆಯ್ತು, ಶಿವಮೊಗ್ಗ ಕಡೆಗೆ."

ಬಾಗಿಲು ಎತ್ತರ ಮಾಡಿಸು ಅಂದಿದ್ದಿರಲ್ಲ ಎಂದು ನೆನಪಿಸಿದೆ. ಅವರಿಗೆ ನೆನಪಿರಲಿಲ್ಲ.

೧೧ ಜೂನ್, ಸೋಮವಾರ

ಹೊಸ ರೇಂಜರ್ ಬಂದು ಅಧಿಕಾರ ವಹಿಸಿಕೊಂಡರು. ನನಗಿಂತ ಕುಳ್ಳು.

೧೪ ಜೂನ್, ಗುರುವಾರ

ಹೂ ಒಣಗಿ ಪುಡಿಯಾಗುತ್ತಿದೆ, ಬೀಳುತ್ತಿಲ್ಲ. ಗಾಳಿ ಬಂದಾಗ ಒಂದೊಂದೇ ಎಸಳು ಎರಡೂ ಕಡೆಗೆ ಸಮನಾಗಿ ಹಾರುತ್ತದೆ. ಹುಂಜದ ಪಂದ್ಯ ಜಗಳಕ್ಕೆ ಬಂದಿದೆ.

ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಾ ಕೂತಿದ್ದೆ. ಆಷಾಢಕ್ಕೆ ಇನ್ನು ಉಳಿದಿರುವುದು ಸ್ವಲ್ಪವೇ ದಿನ. ಈ ಬಾಗಿಲು ಹಿಂದಕ್ಕೆ ಬರುವುದಿಲ್ಲ. ಅವ್ವ ಹೇಳಿದ್ದು ಸರಿ, ಅದು ನಿಂತುಬಿಟ್ಟಿದೆ. ಪುಟ್ಟಮಾದು ಬೀಡಿ ಹಚ್ಚಲು ಬಂದಾಗ ಹೇಳಿದೆ.

"ಪುಟ್ಟಮಾದು, ಬಾಗಿಲನ್ನ ಮನೆಗೆ ತರಬೇಡ. ಮನೆಯನ್ನ ಬಾಗಿಲಿಗೆ ತಗೊಂಡು ಬಾ."

"ಏನಂದ್ರಿ?"

"ಗೋಡೆ ಇಲ್ಲಿಂದಲೇ ಕಟ್ಟು. ಬಾಗಿಲ ಎರಡೂ ಕಡೆಗೆ. ಸೂರನ್ನ ಮುಂದಕ್ಕೆ ಇಳಿಸು."

ಅವನು ಬೀಡಿ ಹಚ್ಚುವುದನ್ನು ಮರೆತು ನನ್ನನ್ನೂ ಅಂಗಳವನ್ನೂ ನೋಡಿದ. "ಅಂಗ್ಳ ಓಗ್ಬುಡ್ತದಲ್ಲ ಗುಮಾಸ್ತ್ರೇ."

"ಹೋಗಲಿ. ಪಡಸಾಲೆ ಆಗುತ್ತೆ."

ಅವ್ವ ಒಳಗಿನಿಂದ, "ಈಗ ಬುದ್ಧಿ ಬಂತು ಕಣ ನನ್ ಮಗಂಗೆ" ಎಂದಳು. ಗೋಡೆ ಇಲ್ಲದ್ದರಿಂದ ಸ್ಪಷ್ಟವಾಗಿ ಕೇಳಿಸಿತು.

೨೭ ಜೂನ್, ಬುಧವಾರ

ಮಳೆ ಬಿಡುತ್ತಿಲ್ಲ. ಹಸಿಗೋಡೆಯ ಮೇಲೆ ಮತ್ತೊಂದು ವರಸೆ ಮಣ್ಣು ಇಡಲಾಗುವುದಿಲ್ಲ, ಒಣಗಲು ಬಿಡಬೇಕು. ಎರಡೂ ಕಡೆ ಮೊಣಕಾಲುದ್ದ ಎದ್ದಿದೆ. ಅದರ ಮೇಲೆ ತೆಂಗಿನಗರಿ ಹೊದಿಸಿದ್ದೇವೆ. ರಾತ್ರಿ ಗರಿ ಹಾರಿತೇನೋ ಎಂದು ಎದ್ದೆದ್ದು ನೋಡುತ್ತೇನೆ.

ಹರದನಹಳ್ಳಿಗೆ ಆ ಕಡೆ ಹೋಗುವವರ ಹತ್ತಿರ ಹೇಳಿಕಳಿಸಿದೆ. ಗೋಡೆ ಆಗಿಲ್ಲ, ಸುಳ್ಳು ಹೇಳುವುದಿಲ್ಲ. ಬಾಗಿಲು ಇದೆ. ಬಲಗಂಬ ಹಾಗೇ ಇದೆ. ಇಷ್ಟೇ.

೨ ಜುಲೈ, ಸೋಮವಾರ

ಉತ್ತರ ಇಲ್ಲ. ಡಿಪೋದಿಂದ ಬಂದು ಕಂಬದ ಹತ್ತಿರ ನಿಂತಿದ್ದೆ, ಅಲ್ಲಿ ಗಾಳಿ ಚೆನ್ನಾಗಿದೆ. ಶಿವಮ್ಮ, "ಯಾರ್ ದಾರಿ ಕಾಯ್ತಿದ್ದೀಯೆ ರಾಚಣ್ಣ?" ಎಂದಳು. ಯಾರದೂ ಇಲ್ಲ ಎಂದೆ. ಸುಳ್ಳು. ಸಣ್ಣತಾಯಿ ಬರದಿದ್ದರೆ ಈ ಮನೆಯನ್ನು ಕಟ್ಟಿ ಏನು ಮಾಡಲಿ ಎಂದು ಅನ್ನಿಸಿತ್ತು.

ನನ್ನ ತಲೆಗೂ ಎಣ್ಣೆ ಹಚ್ಚುವುದನ್ನು ಅವ್ವ ಕಡಿಮೆ ಮಾಡಬೇಕು. ಸಣ್ಣತಾಯಿಯ ಕಲೆಯ ಮೇಲೆ, ಎರಡು ಬೆರಳು ಎತ್ತರದಲ್ಲಿ, ಇನ್ನೊಂದು ಕಲೆ ಆಗುತ್ತಿದೆ.

೫ ಜುಲೈ, ಗುರುವಾರ

ರಜೆ ಹಾಕಿದ್ದೆ. ಕಾರಣ ಹೊಟ್ಟೆನೋವು ಎಂದು ಬರೆದುಕೊಟ್ಟಿದ್ದೆ. ಅವ್ವ ಒಲೆಯ ಮುಂದೆ ಇದ್ದಳು. ನಾನು ಗೋಡೆಯ ಗರಿ ತೆಗೆದು ಒಣಗಿದೆಯೋ ಎಂದು ಬೆರಳಿಟ್ಟು ನೋಡುತ್ತಿದ್ದೆ. ಆಗ ಬಾಗಿಲು ಬಡಿದ ಸದ್ದಾಯಿತು.

ತಲೆ ಎತ್ತಿದೆ. ಮೊಣಕಾಲುದ್ದದ ಗೋಡೆಯಾಚೆ, ಮುಚ್ಚಿದ ಬಾಗಿಲ ಮುಂದೆ ಸಣ್ಣತಾಯಿ ನಿಂತಿದ್ದಳು, ಮಗು ಎತ್ತಿಕೊಂಡು. ಹಿಂದೆ ಮಾವ ನಾಗಯ್ಯನವರು, ತಲೆಯ ಮೇಲೆ ತೊಟ್ಟಿಲು, ಮುಖ ಗಂಟು. "ನಾ ಬ್ಯಾಡ ಅಂದೆ. ಇವ್ಳೇ ಹಟ ಹಿಡುದ್ಲು" ಎಂದರು ಯಾರಿಗೆ ಎಂದಿಲ್ಲದೆ. ಗೋಡೆ ದಾಟಲು ಕಾಲೆತ್ತಿದರು. ಸಣ್ಣತಾಯಿ, "ಅಪ್ಪಾ, ಬಾಗ್ಲದೆ" ಎಂದಳು. ಅವರು ಕಾಲು ಇಳಿಸಿದರು.

ಅವಳು ನನ್ನನ್ನು ನೋಡುತ್ತಿದ್ದಳು, ನಾನು ಅವಳನ್ನು. ಮಧ್ಯೆ ಏನೂ ಇರಲಿಲ್ಲ. ಆದರೂ ಅವಳು ಇನ್ನೊಮ್ಮೆ ಬಾಗಿಲು ಬಡಿದಳು.

"ಯಾರವ್ವಾ?" ಎಂದು ಅವ್ವ ಒಲೆಯ ಮುಂದಿನಿಂದ ಕೂಗಿದಳು.

"ನಾನು ಕಣತ್ತೆ."

ನಾನು ಹೋಗಿ ಚಿಲಕ ತೆಗೆದೆ. ಕದ ತೆಗೆದ ರಭಸಕ್ಕೆ ಹೂವಿನ ತೊಟ್ಟು ಬಿತ್ತು. ಬಲಕ್ಕೋ ಎಡಕ್ಕೋ ನೋಡಲಿಲ್ಲ. ಆಮೇಲೆ ಶಿವಮ್ಮನ ಗಂಡ ಬಂದು ಕೇಳಿದ, ಗೊತ್ತಿಲ್ಲ ಎಂದೆ.

ಅವ್ವ ಆರತಿ ತಟ್ಟೆ ತರಲು ಒಳಗೆ ಓಡಿದಳು. ಸಣ್ಣತಾಯಿ ಹೊಸ್ತಿಲಾಚೆ ನಿಂತು ಮೊದಲು ಬಲಗಂಬವನ್ನು ನೋಡಿದಳು. ಕಲೆಯ ಮೇಲೆ ಕೈಯಾಡಿಸಿದಳು. ಅದರ ಮೇಲಿನ ಹೊಸ ಕಲೆ ಕಂಡು ನನ್ನ ತಲೆ ನೋಡಿದಳು. ಆಮೇಲೆ ಬಾಗಿಲಿನೊಳಗಿಂದ ಇಣುಕಿ, ಬಯಲು ಅಂಗಳವನ್ನೂ ದೂರದಲ್ಲಿ ಊರೆಗಳ ಮೇಲೆ ನಿಂತ ಸೂರನ್ನೂ ನೋಡಿದಳು.

"ಮನೆ ಎಲ್ಲಿ?"

"ಬತ್ತಾ ಅದೆ" ಎಂದೆ. "ನೀನು ಒಳಕ್ಕೆ ಬಾ."

ಆರತಿ ಆಯಿತು. ಅವಳು ಬಲಗಾಲಿಟ್ಟು ಹೊಸ್ತಿಲು ದಾಟುವಾಗ ನಾನು ಮಗುವಿನ ತಲೆಗೆ ತಾಗೀತೆಂದು ಮೇಲ್ಪಟ್ಟಿಯ ಕೆಳಗೆ ಅಂಗೈ ಒಡ್ಡಿದೆ. ಮಗುವಿಗೂ ಮೇಲ್ಪಟ್ಟಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಜಾಗ ಇತ್ತು. ಇಬ್ಬರೂ ಪೂರ್ತಿ ಒಳಗೆ ಬರುವವರೆಗೂ ಕೈ ತೆಗೆಯಲಿಲ್ಲ.